ಮೂರು ಮೋಟಾರಿನ ಖಂಡೇಪೂಜೆ

ಗುರುಪುತ್ರಪ್ಪನಿಗೆ ಎರಡರಲ್ಲಿ ಒಂದನ್ನು ಆರಿಸಲು ಬರುತ್ತಿರಲಿಲ್ಲ, ಎಲ್ಲ ಫಜೀತಿಗೂ ಅದೇ ಮೂಲ. ಅಂಗಡಿಯವ ಎರಡು ಅಂಗಿ ತೋರಿಸಿದರೆ ಎರಡನ್ನೂ ಮನೆಗೆ ತಂದು, ಮರುದಿನ ಒಂದನ್ನು ವಾಪಸ್ ಕೊಟ್ಟು ಬರುವ ಆಸಾಮಿ. ಅಂಗಿಯಲ್ಲಿ ನಡೆದದ್ದು ಮೋಟಾರಿನಲ್ಲೂ ನಡೆದೀತು ಅಂದುಕೊಂಡ, ನೋಡಿ!

ಸದಾಶಿವನಗರದ ಅವನ ಮನೆಯ ಹಿತ್ತಲ ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಹಳೆಯ ಮಿಲ್ಲಿಂಗ್ ಮಷೀನೊಂದಿತ್ತು. ಅದರ ಮೂರು ಕೈಚಕ್ರ ಬಿಚ್ಚಿ, ಮೂರು ಮೋಟಾರು ಕೂರಿಸಿ, ಕಂಪ್ಯೂಟರು ಹೇಳಿದಂತೆ ಕುಣಿಯುವ ಸಿಎನ್‌ಸಿ ಮಾಡಬೇಕೆಂಬುದು ಅವನ ಬಹುದಿನದ ಹುಚ್ಚು. ಹೆಂಡತಿ ನೇತ್ರಾ ಕಡೆಗೊಮ್ಮೆ ಒಪ್ಪಿದ್ದಳು.

"ಮೋಟಾರಿಗೆ ಮೂವತ್ತು ಸಾವಿರ. ಅದರ ಮ್ಯಾಲೆ ಒಂದು ರೂಪಾಯಿ ಆತಂದ್ರ ಮಷೀನ ಗುಜರಿಗೆ ಹಾಕತೀನಿ, ನೋಡ್ರಿ ಮತ್ತ!"

ನೇತ್ರಾ ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ಅವನ ಹಳೆಯ ಸ್ಕೂಟರು ಹಾಗೇ ಹೋಗಿತ್ತು.

ಮೂವತ್ತು ಸಾವಿರಕ್ಕೆ ಸ್ಟೆಪ್ಪರ್ ಮೋಟಾರು ಬರುತ್ತಿದ್ದವು. ಆದರೆ ಪಕ್ಕದ ಮನೆಯ ತವನಪ್ಪ ಕಾಂಪೌಂಡಿನ ಮೇಲೆ ಗದ್ದ ಊರಿ ಅವನ ತಲೆ ಕೆಡಿಸಿಬಿಟ್ಟ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತನಾದ ಮೇಲೆ ಅವನಿಗೆ ಊರವರ ಮಷೀನುಗಳದ್ದೇ ಚಿಂತೆ. "ಲೋಡ್ ಬಿದ್ದು ಸ್ಟೆಪ್ಪರ್ ಹೆಜ್ಜಿ ತಪ್ಪಿತಂದ್ರ ಅದಕ್ಕ ಗೊತ್ತ ಆಗಂಗಿಲ್ರೀ, ಹಂಗ ಮುಂದ ಹೊಂಟಬಿಡತದ. ಸರ್ವೋ ಹಂಗಲ್ಲ. ತಪ್ಪಿದ್ದು ತಾನ ತಿಳಕೊಂಡು ತಾನ ಸುಧಾರಸ್ತದ."

ಸರ್ವೋಗೆ ಎಪ್ಪತ್ತು ಸಾವಿರ! ಗುರುಪುತ್ರಪ್ಪ ಕ್ರೆಡಿಟ್ ಕಾರ್ಡ್ ಉಜ್ಜಿ ಎರಡನ್ನೂ ತರಿಸಿದ. ಸ್ಟೆಪ್ಪರ್ ಡಬ್ಬಿ ಎಲ್ಲರ ಕಣ್ಣಿಗೆ ಬೀಳುವಂತೆ ಕಪಾಟಿನ ಮೇಲೆ, ಸರ್ವೋ ಡಬ್ಬಿ ಯಾರ ಕಣ್ಣಿಗೂ ಬೀಳದಂತೆ ಮಂಚದ ಕೆಳಗೆ. ತೂಗಿ ತೂಗಿ, ಹೆಂಡತಿಯ ಮುಖ ನೆನೆದು, ಸ್ಟೆಪ್ಪರೇ ಸಾಕೆಂದು ಅವನು ತೀರ್ಮಾನಿಸುವಷ್ಟರಲ್ಲಿ ಸರ್ವೋ ವಾಪಸ್ ಕೊಡುವ ಕಡೆಯ ದಿನ ಬಂದೇಬಿಟ್ಟಿತು. ಅದೂ ಆಯುಧ, ಯಂತ್ರಗಳಿಗೆಲ್ಲ ಪೂಜೆ ನಡೆಯುವ ಖಂಡೇಪೂಜೆಯ ದಿನ.

ನೇತ್ರಾ ಬೆಳಿಗ್ಗೆಯೇ ಖಾನಾಪುರದ ತವರಿಗೆ ಹೋಗಿದ್ದಳು, ಸಂಜೆಯ ರೈಲಿಗೆ ಬರುವವಳು. ಕೊರಿಯರಿನವನು ಮಧ್ಯಾಹ್ನ ಬರುತ್ತಾನೆ. ಲೆಕ್ಕ ಸರಿಯಾಗಿದೆ ಎಂದು ಗುರುಪುತ್ರಪ್ಪ ಸ್ನಾನ ಮುಗಿಸಿ ಶೆಡ್ಡಿಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅವ್ವ ಬಸವಣ್ಣೆವ್ವ ಮಷೀನಿನ ಮುಂದೆ ಮಣೆ ಹಾಕಿ, ಮೂರು ಸರ್ವೋ ಮೋಟಾರುಗಳನ್ನು ಸಾಲಾಗಿ ಕೂರಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಹಸಿರು ಖಣದ ಬಟ್ಟೆ ಹೊದಿಸಿ, ಮೇಲೊಂದು ಚೆಂಡುಹೂವಿನ ಮಾಲೆ ಹಾಕುತ್ತಿದ್ದಳು.

"ಅವ್ವಾ! ಇವು ಎಲ್ಲಿ ಸಿಕ್ಕುವು?"

"ಮಂಚದ ಬುಡಕ. ಪೂಜಿ ದಿನಾ ಹೊಸಾ ಸಾಮಾನು ಕತ್ತಲದಾಗ ಇಡತಾರೇನೋ ಖೋಡಿ?"

"ತಡಿ, ಒಳಗಿಟ್ಟು ಬರತೀನಿ."

"ಕೈ ಹಚ್ಚಿದಿ ಅಂದ್ರ ನೋಡು! ಪೂಜಿ ಆದ ಸಾಮಾನು ನಾಳಿ ಬನ್ನಿ ಕೊಡೂತನಕಾ ಅಲಗಬಾರದು."

ಹೇಳಿದ್ದಷ್ಟೇ ಅಲ್ಲ, ಹೂಬತ್ತಿ ಹೊಸೆಯುತ್ತ ಶೆಡ್ಡಿನ ಬಾಗಿಲಲ್ಲೇ ಕೂತಳು. ಅತ್ತ ಕಾಂಪೌಂಡಿನ ಮೇಲೆ ತವನಪ್ಪನ ಗದ್ದ ಮೂಡಿತು.

"ಸರ್ವೋನ ಇಟ್ಕೊಂಡ ಬಿಡ್ರಿ! ನೇತ್ರಾ ವೈನಿಗೆ ನಾ..."

"ನಿಮ್ಮ ಕಾಲಿಗೆ ಬೀಳತೀನ್ರೀ, ಈ ವಿಷಯದಾಗ ಬಾಯಿ ಬಿಡಬ್ಯಾಡ್ರಿ!"

ತವನಪ್ಪ ಏನೋ ಹೇಳಹೊರಟವನು ಗಪ್ಪಾದ. ಪಾಪ, ಅವನಿಗೆ ಗಪ್ಪಾಗುವುದು ಎಂದೂ ರೂಢಿಯಿರಲಿಲ್ಲ.

ಊಟವಾದ ಮೇಲೆ ಅವ್ವ ಬಾಗಿಲಲ್ಲೇ ಕಾಲು ಚಾಚಿ ತೂಕಡಿಸತೊಡಗಿದಳು. ಗುರುಪುತ್ರಪ್ಪನ ಬುದ್ಧಿ ಆಗ ಓಡಿತು. ಮಣೆ ಬರಿದಾದರೆ ಅವ್ವ ಓಣಿಯೆಲ್ಲ ಕೇಳುವಂತೆ ಒದರುತ್ತಾಳೆ, ಆದರೆ ಖಣದ ಕೆಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಅಡುಗೆಮನೆಯ ಮಿಕ್ಸರ್ ತಂದ. ನೇತ್ರಾಳ ಹೊಲಿಗೆ ಮಷೀನಿನ ಮೋಟಾರು ಬಿಚ್ಚಿದ. ಮೂರನೆಯದು ಸಿಗದೆ ಬಾವಿಯ ನೀರೆತ್ತುವ ಪುಟ್ಟ ಪಂಪನ್ನೇ ಕಿತ್ತು ತಂದ. ಅವ್ವನ ಕಾಲನ್ನು ಪ್ರತಿ ಸಲವೂ ತುದಿಗಾಲಲ್ಲಿ ದಾಟಿದ. ಸರ್ವೋ ಹೊರಗೆ, ಇವು ಒಳಗೆ, ಮೇಲೆ ಖಣ, ಅದರ ಮೇಲೆ ಮಾಲೆ. ಯಾರಿಗೂ ಸಂಶಯ ಬರುವಂತಿರಲಿಲ್ಲ.

ಅಷ್ಟರಲ್ಲಿ ಕೊರಿಯರಿನ ಆಕಾಶ ಗೇಟಿನಲ್ಲಿ ಹಾರ್ನ್ ಬಾರಿಸಿದ.

"ಶ್! ಹಳೂಕ!"

ಆಕಾಶ ಡಬ್ಬಿ ತೆರೆದು ಮೂಗು ಮುರಿದ. "ಇದೇನ್ರೀ, ವಿಭೂತಿ ಐತಿ, ಕುಂಕುಮ ಐತಿ. ಬಳಸಿದ ಮಾಲು ತಗೊಳ್ಳಂಗಿಲ್ರೀ."

"ಪೂಜಿ ಮಾಡೂದಂದ್ರ ಬಳಸೂದೇನೋ ತಮ್ಮಾ? ಒಂದ ಸುತ್ತರ ತಿರಗೇತೇನು ನೋಡು!"

"ಫೋಟೋದಾಗ ಕೆಂಪ ಕಂಡ್ರ ನನ್ನ ಪಗಾರ ಕಟ್ ಆಗ್ತೈತ್ರಿ."

ಗುರುಪುತ್ರಪ್ಪ ತನ್ನದೇ ಹಲ್ಲುಜ್ಜುವ ಬ್ರಶ್ ತಂದು, ಗೇಟಿನ ಬುಡದಲ್ಲಿ ಕೂತು, ಬೆವರು ಸುರಿಸುತ್ತ ಮೂರೂ ಮೋಟಾರು ತಿಕ್ಕಿದ. ಒಳಗೆ ಅವ್ವ ಕೆಮ್ಮಿದಳು. ಅವನು ಇನ್ನಷ್ಟು ಜೋರಾಗಿ ತಿಕ್ಕಿದ. ಶಾಫ್ಟಿಗೆ ಸಿಕ್ಕಿದ್ದ ಕಡೆಯ ಹೂವಿನ ಎಸಳನ್ನು ಉಗುರಿನಿಂದ ಕಿತ್ತ ಮೇಲೆ ಆಕಾಶ ಫೋಟೋ ಹೊಡೆದುಕೊಂಡು, ಡಬ್ಬಿ ಬೈಕಿಗೆ ಕಟ್ಟಿ ನಡೆದ. ಗುರುಪುತ್ರಪ್ಪನಿಗೆ ಮಷೀನು ಬದುಕಿದ್ದಕ್ಕೆ ಕಣ್ಣಲ್ಲಿ ನೀರೇ ಬಂತು.

ಸಂಜೆ ನೇತ್ರಾ ನಗುನಗುತ್ತ ಬಂದಳು. ತವನಪ್ಪನೂ ಹಿಂದೆಯೇ ಬಂದ.

"ಖರೇ ಹೇಳ್ರಿ, ದೊಡ್ಡ ಮೋಟಾರ ತರಿಸೀರಿ ಹೌದಿಲ್ಲೋ?" ಎಂದು ನೇತ್ರಾ ಗಂಡನನ್ನು ಕೇಳಿದಳು.

ಗುರುಪುತ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಗಾಬ್ರಿ ಆಗಬ್ಯಾಡ್ರಿ. ಸಣ್ಣದು ಆ ಮಷೀನಿಗೆ ಸಾಲಂಗಿಲ್ಲ ಅಂತ ತವನಪ್ಪಣ್ಣಾರು ಮೊನ್ನೇನ ತಿಳಿಸಿ ಹೇಳಿದ್ರು. ಹುಚ್ಚು ಹಚ್ಚಿಕೊಂಡೀರಿ, ಚಲೋದ ಇರಲಿ ಅಂತ ಖಾನಾಪುರದಾಗ ನನ್ನ ಭಿಶಿ ಚೀಟಿ ರೊಕ್ಕಾ ಎತ್ತಿಕೊಂಡ ಬಂದೆ." ಪರ್ಸಿನಿಂದ ನೋಟಿನ ಕಟ್ಟು ತೆಗೆದಳು. "ಮಂಚದ ಬುಡಕ ದೊಡ್ಡದರ ಡಬ್ಬಿ ನಿನ್ನೇನ ಕಂಡಿದ್ದೆ. ಮತ್ತ ಎರಡ ಸೆಟ್ ಯಾಕ? ನಿಮ್ಮ ಫೋನಿನ್ಯಾಗ ವಾಪಸಿ ಬಟನ್ ನಾನ ಒತ್ತಿ, ಮುಂಜಾನಿ ಹೋಗೂ ಮುಂದ ಸಣ್ಣದನ್ನ ಕೊರಿಯರ್ ಆಫೀಸಿಗೆ ವಾಪಸ್ ಕೊಟ್ಟ ಹೋದೆ."

ಗುರುಪುತ್ರಪ್ಪ ಕಪಾಟಿನತ್ತ ಓಡಿದ. ಮೇಲೆ ಡಬ್ಬಿಯ ಆಕಾರದ ಧೂಳು ಮಾತ್ರ ಇತ್ತು.

"ಬರ್ರಿ, ದೊಡ್ಡ ಮೋಟಾರ ನೋಡೂಣು," ಎನ್ನುತ್ತ ನೇತ್ರಾ ಶೆಡ್ಡಿಗೆ ನಡೆದು ಖಣ ಎತ್ತಿಯೇಬಿಟ್ಟಳು.

ಮಿಕ್ಸರು, ಹೊಲಿಗೆ ಮೋಟಾರು, ಬಾವಿಯ ಪಂಪು ಮೂವರೂ ಗಂಭೀರವಾಗಿ ಕೂತಿದ್ದರು. ಗುರುಪುತ್ರಪ್ಪ ತಲೆ ತಗ್ಗಿಸಿ ಎಲ್ಲ ಹೇಳಿದ. ನೇತ್ರಾ ನೋಟಿನ ಕಟ್ಟನ್ನು ಸಾವಕಾಶವಾಗಿ ಪರ್ಸಿನೊಳಗೆ ಇಳಿಸಿದಳು.

"ಮೋಟಾರ ಇಲ್ಲಂದ ಮ್ಯಾಲೆ ಈ ರೊಕ್ಕಕ್ಕ ನಾ ಬಂಗಾರದ ಪಾಟ್ಲಿ ಬಳಿ ಮಾಡಿಸ್ಕೋತೀನಿ. ಸರೀರಿ, ಆ ಮಿಕ್ಸರ್ ಕೊಡ್ರಿ, ಹೋಳಗಿ ಹೂರಣ ರುಬ್ಬೂದೈತಿ."

"ಮುಟ್ಟಬ್ಯಾಡ!" ಅವ್ವ ಅಡ್ಡ ಬಂದಳು. "ಹೆಂಗರ ಕೂಡಲಿ, ಖಂಡೇಪೂಜಿ ಮಣಿ ಮ್ಯಾಲೆ ಕೂತಾವು, ಮಾಲಿ ಬಿದ್ದೈತಿ. ನಾಳಿ ಬನ್ನಿ ಕೊಡೂತನಕಾ ಮಿಕ್ಸರೂ ಇಲ್ಲ, ಪಂಪೂ ಇಲ್ಲ."

ಗುರುಪುತ್ರಪ್ಪ ಬಾವಿಯಿಂದ ನೀರು ಸೇದಿ ತಂದ. ಆಮೇಲೆ ಹಿತ್ತಲ ಒಳಕಲ್ಲಿನ ಮುಂದೆ ಕೂತು, ಅಂಗಿಯ ತೋಳು ಮಡಚಿ, ಗುಂಡು ತಿರುಗಿಸತೊಡಗಿದ. ಹೂರಣ ಅರ್ಧ ಒಳಗೆ, ಅರ್ಧ ಹೊರಗೆ.

"ಅಯ್ಯ, ಎಲ್ಲಾ ನೆಲದ ಪಾಲಾಗಾಕತ್ತೇತಲ್ಲ! ಇದ್ಯಾವ ಮೋಟಾರ ಅಂತೀನಿ?" ಎಂದಳು ನೇತ್ರಾ.

ತನ್ನ ಹಿತ್ತಲಿಗೆ ಮರಳಿದ್ದ ತವನಪ್ಪ ಕಾಂಪೌಂಡಿನ ಮೇಲೆ ಗದ್ದ ಊರಿದ.

"ಸ್ಟೆಪ್ಪರ್ ವೈನಿ. ಹೆಜ್ಜಿ ತಪ್ಪಿದ್ದು ಅದಕ್ಕ ಗೊತ್ತ ಆಗಂಗಿಲ್ಲ."