ಖಳನಾಯಕನ ಒಳ್ಳೆಯ ಹೆಸರು

ಈ ಶನಿವಾರ ಇಡೀ ಸಭಾಂಗಣ ನನಗೆ ಹಿಡಿಶಾಪ ಹಾಕುವಂತೆ ಮಾಡದಿದ್ದರೆ ನಾನು ಗಂಡಸೇ ಅಲ್ಲ ಎಂದು ಹೆಂಡತಿಯೆದುರು ಘೋರ ಪ್ರತಿಜ್ಞೆ ಮಾಡಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಲಿಲ್ಲ.

ನಾನು ಪ್ರದರ್ಶನದ ಕುಸ್ತಿಯಲ್ಲಿ ಖಳನಾಯಕ. ರಿಂಗಿನಲ್ಲಿ ನನ್ನ ಹೆಸರು ‘ಕರಾಳ ಕೇಸರಿ’. ಗೆಲುವು ಸೋಲು ಮೊದಲೇ ನಿಗದಿ. ಜನರ ಹೊಟ್ಟೆ ಉರಿಸುವುದಷ್ಟೇ ನನ್ನ ಕೆಲಸ. ಅದೊಂದೇ ಕೈಹತ್ತುತ್ತಿರಲಿಲ್ಲ. ಗುಡುಗಿದೆ, ರೆಫ್ರಿ ಅತ್ತ ತಿರುಗಿದಾಗ ಎದುರಾಳಿಯ ಕೂದಲು ಜಗ್ಗಿದೆ. ಜನ ನಕ್ಕರು. ನಾನೇ ಎತ್ತಿ ಒಗೆದವನನ್ನು ‘ಪೆಟ್ಟಾಯ್ತೇನಪ್ಪಾ?’ ಎಂದು ವಿಚಾರಿಸುವ ಚಟ ನನಗೆ! ಹೀಗೇ ಆದರೆ ಬಾಗಿಲಲ್ಲಿ ಟಿಕೆಟ್ ಹರಿಯಲು ಕೂರಿಸುತ್ತೇನೆಂದು ಮಾಲೀಕ ಹೇಳಿಬಿಟ್ಟಿದ್ದ.

“ಕಿರುಚಾಡಿದ್ರೆ ಯಾರೂ ಹೆದರಲ್ಲ ಕಣ್ರೀ,” ಎಂದಳು ಹೆಂಡತಿ. “ತಪ್ಪು ಮಾಡಿ, ತಾನೇ ಸರಿ ಅಂತ ಆರಾಮಾಗಿ ಕೂತಿರ್ತಾರಲ್ಲ, ಅಂಥವರನ್ನ ಕಂಡ್ರೆ ಮೈ ಉರಿಯುತ್ತೆ.”

ಸರಿ, ಮನೆಯಲ್ಲೇ ತಾಲೀಮು. ಅತ್ತೆಯವರ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕುಳಿತೆ. ಅವರು ಬಂದು ನಿಂತರು. ನಾನು ಏಳಲಿಲ್ಲ; ಬೆವರು ಮಾತ್ರ ಇಳಿಯತೊಡಗಿತು. ಅಷ್ಟರಲ್ಲಿ ಲಟಕ್ಕನೆ ಕುರ್ಚಿಯ ಕಾಲು ಮುರಿದು ನಾನೂ ಅದೂ ಜೋಡಿಯಾಗಿ ನೆಲಕಚ್ಚಿದೆವು. ಆದರೂ ಪಾತ್ರ ಬಿಡದೆ, ಕುರ್ಚಿಯದೇ ತಪ್ಪು ಎಂದೆ. ಅತ್ತೆ ಮುರಿದ ಕಾಲನ್ನು ಎತ್ತಿಕೊಂಡು ಒಳಗೆ ಹೋದರು. ಶನಿವಾರ ನೋಡಿದರೆ ಸಭಾಂಗಣದ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ!

ನಾನು ಒಗೆದ ಎದುರಾಳಿ ಹಗ್ಗದಾಚೆ ಉರುಳಿ ಅವರ ಪಾದದ ಬಳಿಯೇ ಬಿದ್ದ. ಬೆನ್ನಟ್ಟಿ ಇಳಿದೆ. ಅತ್ತೆ ಎದ್ದು, ಕಣ್ಣೊರೆಸಿಕೊಳ್ಳುತ್ತಾ, ಕೊನೆಯ ಸಾಲಿಗೂ ಕೇಳುವಂತೆ ಅಂದರು: “ಈ ಹುಡುಗನನ್ನಾದ್ರೂ ಬಿಟ್ಬಿಡಿ ಅಳಿಯಂದ್ರೇ. ಮನೇಲಿ ನನ್ನ ಕುರ್ಚಿ ಮುರಿದಿದ್ದು ಸಾಲದಾ?”

ನನ್ನ ಬಾಯಿಗೆ ಬಂದದ್ದು ಒಂದೇ ಮಾತು.

“ಕುರ್ಚಿಯದೇ ತಪ್ಪು.”

ಸಭಾಂಗಣ ಭುಗಿಲೆದ್ದಿತು! ಥೂ ಎಂದರು, ಧಿಕ್ಕಾರ ಕೂಗಿದರು, ಕಾಗದದ ಲೋಟಗಳು ಹೂಮಳೆಯಂತೆ ಸುರಿದವು. ಖಳನನ್ನು ಖಳನನ್ನಾಗಿಸುವುದು ಅವನ ಗುದ್ದಲ್ಲ, ಪೆಟ್ಟು ತಿಂದವರ ಮುಖ ಎಂಬ ಜ್ಞಾನೋದಯ ನನಗೆ ಅಲ್ಲೇ ಆಯಿತು. ಮಾಲೀಕ ಬಂದು ತಬ್ಬಿಕೊಂಡ.

ಮರುದಿನ ಪಕ್ಕದ ಮನೆಯಾಕೆ ನನ್ನನ್ನು ಕಂಡು ಮಕ್ಕಳನ್ನು ಒಳಗೆಳೆದುಕೊಂಡಳು. ಕ್ಷೌರದಂಗಡಿಯವನು ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟು, ಅತ್ತೆಯವರು ಹೇಗಿದ್ದಾರೆ ಎಂದು ನಿಧಾನವಾಗಿ ವಿಚಾರಿಸಿದ. ಅರ್ಧ ಗಡ್ಡದಲ್ಲೇ ಮನೆಗೆ ಓಡಿಬಂದು, ನಾನು ಸಾಧು ಮನುಷ್ಯನೆಂದು ಬೀದಿಯವರಿಗೆ ದಯವಿಟ್ಟು ತಿಳಿಸಬೇಕೆಂದು ಅತ್ತೆಯವರಲ್ಲಿ ಬೇಡಿಕೊಂಡೆ.

“ಹೇಳೋದಕ್ಕೆ ನಂದೇನೂ ಅಡ್ಡಿಯಿಲ್ಲ,” ಎಂದರು ಅವರು. “ಆದ್ರೆ ನೀವು ಒಳ್ಳೆಯವರು ಅಂತ ಗೊತ್ತಾದ್ರೆ ನಿಮ್ಮ ಹೆಸರು ಕೆಡಲ್ವಾ?”