ಒಂದು ಚಿಲಕಕ್ಕಾಗಿ ಚುನಾವಣೆ

ಶಿಕ್ಷಕಿಯಾದವಳು ಶಾಲೆಯ ಗಂಟೆ ಬಾರಿಸಿದ ಮೇಲೂ ಶಿಕ್ಷಕಿಯಾಗಿಯೇ ಉಳಿಯುತ್ತಾಳೆ. ಇದು ರೋಗವೋ ಚಟವೋ ನನಗೆ ತಿಳಿಯದು. ಚರ್ಚಿನಲ್ಲಿ ಪ್ರಸಂಗದ ನಡುವೆ ಹಿಂದಿನ ಸಾಲಿನವರು ಪಿಸುಗುಟ್ಟಿದರೆ ನನ್ನ ಕತ್ತು ತಾನಾಗಿಯೇ ತಿರುಗುತ್ತದೆ. ಮದುವೆ ಊಟದ ಪಂಕ್ತಿ ಸೊಟ್ಟಗಿದ್ದರೆ ತುತ್ತು ಇಳಿಯುವುದಿಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದೇ ನಂಬಿಕೊಂಡಿದ್ದೆ, ಶಾಲೆಯ ಚುನಾವಣೆಗೆ ನಿಲ್ಲುವವರೆಗೆ.

ನಾನು ಪಾಠ ಹೇಳುವುದು ಭಾಲ್ಕಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಮಗಳು ಓದುವುದು ಬೀದರಿನ ನಮ್ಮ ಓಣಿಯ ಸರಕಾರಿ ಶಾಲೆಯಲ್ಲಿ. ಅವಳ ನೀರಿನ ಬಾಟಲಿ ದಿನವೂ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿತ್ತು. ಗದರಿಸಿ ಕೇಳಿದೆ. "ಮಮ್ಮಿ, ನೀರು ಕುಡದ್ರ ಒಂದಕ್ಕ ಹೋಗಬೇಕಾಗ್ತದ. ಅಲ್ಲಿ ಬಾಗಿಲಿಗಿ ಚಿಲಕನೇ ಇಲ್ಲ. ಯಾರರೆ ಹೊರಗ ಹಿಡ್ಕೊಂಡು ನಿಂದರಬೇಕು," ಎಂದಳು. ಗದರಿಸಿದ್ದಕ್ಕೆ ನನಗೇ ಅಳು ಬಂತು. ಮುಖ್ಯೋಪಾಧ್ಯಾಯಿನಿಯವರ ಬಳಿ ಹೋದರೆ, ಅಂಥದ್ದನ್ನೆಲ್ಲ ಎಸ್‌ಡಿಎಂಸಿ ತೀರ್ಮಾನಿಸಬೇಕು, ಅಂದರೆ ಪಾಲಕರೇ ಆರಿಸಿದ ಸಮಿತಿ, ಅದರ ಚುನಾವಣೆ ಬರುವ ಶನಿವಾರವೇ ಇದೆ ಎಂದರು. ನಾನು ಅಲ್ಲೇ ಹೆಸರು ಕೊಟ್ಟು ಬಂದೆ.

ಸುದ್ದಿ ಔರಾದಿನಲ್ಲಿರುವ ಅತ್ತೆಯವರೆಗೂ ಹೋಯಿತು. "ಗೆದ್ರ ಎಷ್ಟು ಊರು ನಿನ್ನ ಕೈಯಾಗ ಬರ್ತಾವ?" ಎಂದು ಫೋನಿನಲ್ಲಿ ಕೇಳಿದರು. "ಒಂದ ಸಾಲಿ ರಿ, ಅತ್ತಿ," ಎಂದೆ. "ಇರ್ಲಿ, ಮೊದಲಿಗಿ ಅಷ್ಟು ಸಾಕು," ಎಂದು ಸಮಾಧಾನ ಹೇಳಿದರು.

ನನ್ನ ಎದುರು ನಿಂತವನು ಹಾರ್ಡ್‌ವೇರ್ ಅಂಗಡಿಯ ರಾಜಕುಮಾರ. ಭಾಲ್ಕಿಗೆ ಹೋಗುವ ಮೊದಲು ನಾನು ಇದೇ ಓಣಿಯಲ್ಲಿ ಪಾಠ ಹೇಳುತ್ತಿದ್ದೆ. ಆಗ ಅವನು ನನ್ನ ಕೊನೆಯ ಬೆಂಚು. ಅವನೊಬ್ಬನೇ ಏನು, ಮತದಾರರಲ್ಲಿ ಅರ್ಧಕ್ಕರ್ಧ ಜನ ನನ್ನ ಶಿಷ್ಯರೇ. ಪ್ರಚಾರಕ್ಕೆಂದು ಮನೆಗಳಿಗೆ ಹೋದರೆ ದಡಬಡಿಸಿ ಎದ್ದು ನಿಲ್ಲುತ್ತಿದ್ದರು, ಕೂಡಿರಿ ಎಂದರೂ ಕೂಡುತ್ತಿರಲಿಲ್ಲ. ನಾನೂ ವೋಟು ಕೇಳುವುದನ್ನು ಮರೆತು ಅವರ ಮಕ್ಕಳಿಗೆ ಮಗ್ಗಿ ಕೇಳಿ ಎದ್ದು ಬರುತ್ತಿದ್ದೆ. ಆದರೂ ಗೆಲುವು ನನ್ನದೇ ಎಂದು ಓಣಿಯೆಲ್ಲ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮವರು ಮಾತ್ರ, "ಸಭಾದಾಗ ನೀ ಭಾಳ ಮಾತಾಡಬ್ಯಾಡ," ಎಂದರು. ಅವರಿಗೆ ನನ್ನ ಏಳಿಗೆ ಕಂಡರಾಗದು ಎಂದುಕೊಂಡೆ.

ಶನಿವಾರ ಪಾಲಕರೆಲ್ಲ ಶಾಲೆಯ ವರಾಂಡದಲ್ಲಿ ಸೇರಿದರು. ಉಳಿದ ಸದಸ್ಯರೆಲ್ಲ ತಕರಾರಿಲ್ಲದೆ ಆಯ್ಕೆಯಾದರು. ಕೊನೆಗೆ ಉಳಿದದ್ದು ಒಂದು ಜಾಗ, ನಾವಿಬ್ಬರು. ಕೈ ಎತ್ತಿ ಆರಿಸುವುದೆಂದಾಯಿತು. ಮೊದಲು ರಾಜಕುಮಾರನಿಗೆ ಅಲ್ಲೊಂದು ಇಲ್ಲೊಂದು ಕೈ ಎದ್ದವು. ಆಮೇಲೆ ನನ್ನ ಹೆಸರು ಕರೆದರು ನೋಡಿ, ವರಾಂಡದ ತುಂಬ ಕೈಗಳು. ಕೆಲವರು ಎರಡೂ ಕೈ ಎತ್ತಿದ್ದರು. ಕೆಲವರು ಎದ್ದೇ ನಿಂತು "ಟೀಚರ್, ಟೀಚರ್" ಎಂದು ಗದ್ದಲ ಹಚ್ಚಿದರು. ನನಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು. ಮುಖ್ಯೋಪಾಧ್ಯಾಯಿನಿಯವರು ಎಣಿಸಲು ಶುರು ಮಾಡುವಷ್ಟರಲ್ಲಿ ಆ ಗದ್ದಲ ಕೇಳಿದ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, "ಕೈ ಇಳಸ್ರಿ. ಸುಮ್ಮ ಕೂಡ್ರಿ," ಎಂದುಬಿಟ್ಟಿತು.

ಅಷ್ಟೂ ಕೈಗಳು ಒಮ್ಮೆಲೇ ಇಳಿದವು. ಕೆಲವರಂತೂ ಕೈಕಟ್ಟಿಯೇ ಕೂತರು. ಮೇಲೆ ಉಳಿದದ್ದು ಒಂದೇ ಕೈ, ನಮ್ಮವರದು. ಮದುವೆಯಾದಾಗಿನಿಂದ ಅವರು ನನ್ನ ಮಾತು ಕೇಳಿದವರಲ್ಲ.

"ಟೀಚರ್ ಹಿಂದ ಸರದ್ರು, ದೊಡ್ಡ ಮನಸ್ಸು," ಎಂದು ಯಾರೋ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ಬಿತ್ತು, ಜಾಗ ರಾಜಕುಮಾರನದಾಯಿತು. ನನಗೆ ನೆನಪಾದದ್ದು ಆ ತುಂಬಿದ ಬಾಟಲಿ.

ರಾಜಕುಮಾರ ಎದ್ದು ನಿಂತ. "ಟೀಚರ್ ಯಾತಕ್ಕ ನಿಂತಿದ್ರು ಅಂತ ನನಗ ಗೊತ್ತದರಿ. ನನ್ನ ಮಗಳೂ ನೀರು ಕುಡಿಯಂಗಿಲ್ಲ. ನಾಳಿಗೇ ನನ್ನ ಅಂಗಡಿ ಚಿಲಕ ತಂದು ಹಚ್ತೇನಿ. ಒಪ್ಪಿದವರು ಕೈ ಎತ್ತರಿ," ಎಂದ.

ಎಲ್ಲರ ಕೈ ಎದ್ದವು, ನನ್ನದೂ. ನಾನು ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಎಣಿಕೆ ಮುಗಿಯಿತು, ಬರೆದುಕೊಂಡದ್ದಾಯಿತು, ಆದರೂ ಒಂದು ಕೈಯೂ ಇಳಿಯಲೊಲ್ಲದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಡೆಗೆ ರಾಜಕುಮಾರನೇ, "ಟೀಚರ್, ಇಳಸೋಣೇನ್ರಿ?" ಎಂದು ಮೆಲ್ಲಗೆ ಕೇಳಿದ.

ಸೆರಗು ತೆಗೆದು, "ಇಳಸ್ರಿ," ಎಂದೆ.

ಎಲ್ಲ ಕೈಗಳೂ ಇಳಿದವು, ಒಂದನ್ನು ಬಿಟ್ಟು. ಅದು ಯಾರದೆಂದು ನಾನು ತಿರುಗಿ ನೋಡಲಿಲ್ಲ.