ಮಾವನ ಲಿವರ್ ಸಮಾಚಾರ

ನಮ್ಮ ಸೋದರಮಾವನಿಗೆ ತಮ್ಮ ಲಿವರ್ ಮೇಲಿರುವಷ್ಟು ಅಭಿಮಾನ ಅತ್ತೆಯ ಮೇಲೂ ಇಲ್ಲ. ಇದು ನನ್ನ ಮಾತಲ್ಲ, ಸ್ವತಃ ಅತ್ತೆಯದು!

ಬಾಣಾವರದಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವ ಮಾವ ಏಳು ವರ್ಷದ ಹಿಂದೆ ಒಂದು ಶಿಬಿರದಲ್ಲಿ ರಕ್ತದಾನ ಮಾಡಿ ಬಂದರು. ವಾರದಲ್ಲಿ ಫೋನ್ ಬಂತು: ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ, ಬಹುಶಃ ಹುಟ್ಟುವಾಗಲೇ ಬಂದದ್ದು ಅಂತ. ಇಂಥವರಲ್ಲಿ ಕೆಲವರಿಗೆ ಮಾತ್ರ ಲಿವರ್ ಕ್ಯಾನ್ಸರ್ ಯಾಕೆ ಬರುತ್ತದೆ, ಅದನ್ನು ಬೇಗ ಪತ್ತೆ ಹಚ್ಚುವುದು ಹೇಗೆ ಎಂದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ತಪಾಸಣೆಗೆಂದು ಹೋದ ಮಾವನನ್ನು ಅಲ್ಲಿಯ ಡಾಕ್ಟರುಗಳು, ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿಕೊಳ್ಳುತ್ತೀರಾ ಎಂದು ಕೇಳಿದರು. ಬೇರೆಯವರಾಗಿದ್ದರೆ ಕುಗ್ಗಿಹೋಗುತ್ತಿದ್ದರು. ಮಾವ ಊರಿಗೆ ಬಂದವರೇ, "ನಾನೀಗ ರಿಸರ್ಚಲ್ಲಿದೀನಿ ಕಣ್ರಪ್ಪಾ" ಎಂದು ಸಾರಿಬಿಟ್ಟರು!

ಕ್ಷೌರದಂಗಡಿಯವನು ತಮಾಷೆಗೆ, "ಲಿವರ್ರಾ? ಯಾವಾಗಿಂದ ಸ್ವಾಮಿ ಕುಡಿಯಾಕೆ ಹತ್ತಿದ್ದು?" ಎಂದುಬಿಟ್ಟ. ನೆಗಡಿಗೆ ಕಷಾಯ ಕುಡಿಯಲೂ ಹಠ ಮಾಡುವ ಮಾವನಿಗೆ ಈ ಮಾತೇ! ಕುಡಿಯದವರಿಗೂ ಲಿವರ್ ಕೆಡುವ ಬಗೆಗಳನ್ನು ಅರ್ಧ ಗಡ್ಡದಲ್ಲೇ ಒಂದು ಗಂಟೆ ವಿವರಿಸಿದರು. ಕಾದಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಈಗ ಮಾವ ಬಂದರೆ ಅವನು ತುಟಿ ಮುಚ್ಚುವಂತೆ ಮೊದಲು ನೊರೆ ಹಚ್ಚುತ್ತಾನೆ, ಆಮೇಲೆ ನಮಸ್ಕಾರ!

ಇನ್ನೊಮ್ಮೆ ನೆಂಟರ ಜೊತೆ ಹಳೇಬೀಡಿಗೆ ಹೋಗಿದ್ದೆವು. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿರುವ ನರಸಿಂಹನ ಮುಂದೆ ಗೈಡ್ ಕಥೆ ಹೇಳುತ್ತಿದ್ದ. ಮಾವ ನಡುವೆ ನುಗ್ಗಿ, "ಲಿವರ್ ಇರೋದು ಬಲಗಡೆ ಕಣ್ರೀ. ನಿಮ್ಮ ಮಕ್ಕಳಿಗೆ ಹೆಪಟೈಟಿಸ್ ಲಸಿಕೆ ಹಾಕ್ಸಿದೀರಾ? ನೀವು ಪರೀಕ್ಷೆ ಮಾಡಿಸ್ಕಂಡಿದೀರಾ?" ಎಂದು ಪ್ರವಾಸಿಗರನ್ನು ವಿಚಾರಿಸತೊಡಗಿದರು.

"ಯಜಮಾನ್ರೇ, ಗೈಡ್ ನೀವಾ, ನಾನಾ?"

"ಹೊರಗಿಂದಕ್ಕೆ ನೀನು, ಒಳಗಿಂದಕ್ಕೆ ನಾನು!"

ನೆಂಟರು ತಮಗೂ ಇವರಿಗೂ ಸಂಬಂಧವೇ ಇಲ್ಲವೆಂಬಂತೆ ಕೆರೆ ನೋಡುತ್ತ ನಿಂತರು.

ಆಸ್ಪತ್ರೆಯಲ್ಲಾದರೂ ಸುಮ್ಮನಿರುತ್ತಾರೆಯೇ? ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪ್ರತಿ ಸಲವೂ ಊಟತಿಂಡಿಯ ಪಟ್ಟಿ ಹಿಡಿದು, "ಕೊಬ್ಬರಿ ಎಷ್ಟು ತಿಂತೀರಿ?" ಎಂದು ಕೇಳುತ್ತಾರೆ. "ನಾನೇ ತಿಂದ್ರೆ ಮಾರೋದೇನು ಕಣವ್ವಾ?" ಎನ್ನುತ್ತಾರೆ ಮಾವ. ಇಬ್ಬರೂ ನಗುತ್ತಾರೆ.

ಹೋದ ವರ್ಷದ ಸ್ಕ್ಯಾನಿನಲ್ಲಿ ಹುಣಸೆಬೀಜದಷ್ಟು ಗಂಟು ಕಂಡಿತು. ಕ್ಯಾನ್ಸರ್. ಗಾಬರಿಯಾಗಬೇಡಿ, ಚಿಕ್ಕದಿದ್ದಾಗಲೇ ಸಿಕ್ಕಿದ್ದರಿಂದ ತೆಗೆದೂ ಆಯಿತು. ಮಾವ ಮತ್ತೆ ವ್ಯಾಪಾರಕ್ಕೆ ಕೂತಿದ್ದಾರೆ. ಆದರೆ ವರದಿ ಬಂದ ದಿನ ನಾನು ಪಕ್ಕದಲ್ಲಿದ್ದೆ. ಡಾಕ್ಟರಮ್ಮ ಕಣ್ಣು ತುಂಬಿಕೊಂಡು ಫೈಲಿನ ಹಾಳೆ ತಿರುವುತ್ತ ಕೂತರು. ಮಾವ ಕುರ್ಚಿ ಮುಂದಕ್ಕೆಳೆದುಕೊಂಡರು.

"ಅಳಬ್ಯಾಡ ಕಣವ್ವಾ. ಇಷ್ಟು ವರ್ಷದಿಂದ ನೀವು ಹುಡುಕ್ತಿದ್ದಿದ್ದು ಇದನ್ನೇ ಅಲ್ವಾ? ಸಿಕ್ತು. ಸರ್ಯಾಗಿ ಬರ್ಕೊ. ಮುಂದೆ ಯಾರಿಗಾದ್ರೂ ಬೇಕಾಗ್ತೈತೆ."

ಮೇಜಿನ ಕೆಳಗೆ ಮಾವನ ಕೈ ನನ್ನ ಕೈಯನ್ನು ಹುಡುಕಿ, ಬಿಗಿಯಾಗಿ ಹಿಡಿದುಕೊಂಡಿತ್ತು. ತಣ್ಣಗೆ ಕೊರೆಯುತ್ತಿತ್ತು.